ನಕ್ಷತ್ರವನ್ನು ತೂಗುವ ಬಗೆ

ಅಂಗಡಿಯವನು ಬೇಳೆಯನ್ನು ತೂಗುವಾಗ ನಾವು ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಟ್ಟು ನಿಲ್ಲುವೆವು. ಅಕ್ಕಸಾಲೆಯು ಚಿನ್ನವನ್ನು ತೂಗುವಾಗಲಂತೂ ಮನೆಯ ಹೆಂಗಸರು ಉಸಿರನ್ನೇ ಬಿಗಿಹಿಡಿದು ನೋಡುವರು. ಕಣ್ಣೆದುರಿಗೆ ನಡೆಯುವ ತೂಕದಲ್ಲಿಯೇ ಇಷ್ಟು ಶಂಕೆಯಿರುವ ನಮಗೆ, ಆಕಾಶದಲ್ಲಿ ಮಿನುಗುವ ಒಂದು ಚುಕ್ಕೆಯು ಇಂತಿಷ್ಟು ಭಾರವುಳ್ಳದ್ದು, ಇಂತಿಷ್ಟು ಅಗಲವುಳ್ಳದ್ದು, ಇಂತಿಷ್ಟು ಕಾವುಳ್ಳದ್ದು ಎಂದು ಜ್ಯೋತಿರ್ವಿದರು ಹೇಳಿದರೆ ನಂಬಿಕೆ ಹುಟ್ಟುವುದು ಹೇಗೆ? ಹೋದ ಪುಷ್ಯಮಾಸದ ಒಂದು ರಾತ್ರಿ ನಾವು ಮಹಡಿಯ ಮೇಲೆ ಕುಳಿತು ಮೊಮ್ಮಗಳಿಗೆ ನಕ್ಷತ್ರಗಳನ್ನು ತೋರಿಸುತ್ತ, ಇದು ಸೂರ್ಯನ ಮೂರರಷ್ಟಕ್ಕಿಂತ ಹೆಚ್ಚು ಭಾರವಾದುದು ಎಂದು ಪಂಡಿತರ ಠೀವಿಯಿಂದ ಹೇಳಿಬಿಟ್ಟೆವು. ಹುಡುಗಿಯು ಒಂದು ಕ್ಷಣ ಸುಮ್ಮನಿದ್ದು, "ತಾತ, ಅದನ್ನು ಯಾರು ತೂಗಿದರು?" ಎಂದು ಕೇಳಿದಳು. ಮೂವತ್ತೈದು ವರ್ಷ ಪಾಠ ಹೇಳಿದ ನಮಗೆ ಆ ರಾತ್ರಿ ನೆಟ್ಟಗೆ ಉತ್ತರ ಹೇಳಲಾಗಲಿಲ್ಲ. ಆಮೇಲೆ ಓದಿ, ಲೆಕ್ಕ ಹಾಕಿ ನೋಡಿ ತಿಳಿದುಕೊಂಡುದನ್ನು ಈಗ ವಾಚಕರ ಮುಂದಿಡುತ್ತಿರುವೆವು.

ಆ ನಕ್ಷತ್ರದ ಹೆಸರು ಅಲ್ಗಾಲ್. ಇದು ಅರಬ್ಬೀ ಮಾತು. ಪಿಶಾಚಿಯ ತಲೆ ಎಂಬ ಅರ್ಥದ ಹೆಸರಿನಿಂದ ಬಂದುದು. ಗ್ರೀಕರ ಕಲ್ಪನೆಯಲ್ಲಿ ಇದು ಪರ್ಸಿಯಸ್ ಎಂಬ ವೀರನು ಕೈಯಲ್ಲಿ ಹಿಡಿದಿರುವ ರಾಕ್ಷಸಿಯ ರುಂಡ. ನಮ್ಮಲ್ಲಿ ಗ್ರಹಣಕ್ಕೆ ಕಾರಣನೆಂದು ಹೇಳುವ ರಾಹುವೂ ರುಂಡಮಾತ್ರನೇ. ರುಂಡದ ಹೆಸರು ಹೊತ್ತ ಈ ನಕ್ಷತ್ರಕ್ಕೆ ನಿಜವಾಗಿಯೂ ಗ್ರಹಣ ಹಿಡಿಯುವುದೆಂಬುದು ನಮಗೆ ಒಂದು ವಿನೋದವಾಗಿ ತೋರಿತು.

ಅಲ್ಗಾಲ್ ಎಲ್ಲ ನಕ್ಷತ್ರಗಳಂತೆ ಒಂದೇ ಸಮನಾಗಿ ಬೆಳಗತಕ್ಕದ್ದಲ್ಲ. ಎರಡೂವರೆ ದಿನಗಳಷ್ಟು ಕಾಲ ಯಾವ ಮಾರ್ಪಾಟನ್ನೂ ಕಣ್ಣಿಗೆ ತೋರಗೊಡದೆ ಇದ್ದು, ಬಳಿಕ ಸುಮಾರು ಐದು ಗಂಟೆಗಳಲ್ಲಿ ಮೆಲ್ಲಮೆಲ್ಲನೆ ಮಂಕಾಗುತ್ತ, ಮೊದಲಿನ ಬೆಳಕಿನ ಮೂರನೆಯ ಒಂದು ಪಾಲಿಗಿಂತಲೂ ತುಸು ಕೆಳಗಿಳಿದು, ಮತ್ತೆ ಐದು ಗಂಟೆಗಳಲ್ಲಿ ಮೊದಲಿನಂತಾಗುವುದು. ಇಟಲಿಯ ಮೊಂಟನಾರಿ ಎಂಬ ವಿದ್ವಾಂಸನು ಹದಿನೇಳನೆಯ ಶತಮಾನದಲ್ಲಿಯೇ ಇದರ ಬೆಳಕು ಬದಲಾಗುವುದನ್ನು ಕಂಡಿದ್ದನು. ಆದರೆ ಈ ಬದಲಾವಣೆಯು ಗಡಿಯಾರದಂತೆ ನಿಯತವಾದುದೆಂದು ಲೋಕಕ್ಕೆ ತೋರಿಸಿಕೊಟ್ಟವನು ಇಂಗ್ಲೆಂಡಿನ ಯಾರ್ಕ್ ನಗರದ ಹದಿನೆಂಟು ವರ್ಷದ ಹುಡುಗ, ಜಾನ್ ಗುಡ್ರಿಕ್.

ಈ ಹುಡುಗನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಶೈಶವದಲ್ಲಿಯೇ ಬಂದ ಒಂದು ಜಾಡ್ಯದಿಂದ ಕಿವುಡನಾದನೆಂದು ಹೇಳುವರು. ತಂದೆತಾಯಿಗಳು ಅವನನ್ನು ಮೂಲೆಗೆ ತಳ್ಳದೆ, ಕಿವುಡರಿಗೆ ವಿದ್ಯೆ ಕಲಿಸುತ್ತಿದ್ದ ಎಡಿನ್‌ಬರೋದ ಶಾಲೆಗೆ ಕಳುಹಿಸಿದರು. ಅಲ್ಲಿಂದ ಮುಂದೆ ಅವನು ಸಾಮಾನ್ಯ ವಿದ್ಯಾಲಯಕ್ಕೆ ಸೇರಿ ಗಣಿತವನ್ನು ಕಲಿತನು. ೧೭೮೨ನೆಯ ಇಸವಿ ನವೆಂಬರ್ ೧೨ರ ರಾತ್ರಿ ಅಲ್ಗಾಲ್ ಮಂಕಾಗಿರುವುದನ್ನು ಕಂಡು ಅವನು ಬೆರಗಾದನು. ಅಂದಿನಿಂದ ಆಕಾಶ ತಿಳಿಯಾಗಿದ್ದ ರಾತ್ರಿಗಳಲ್ಲೆಲ್ಲ ಅದನ್ನು ಕಾದನು. ಅವನಿಗೆ ಈ ಕೆಲಸದಲ್ಲಿ ದೊಡ್ಡ ಯಂತ್ರಗಳೇನೂ ಬೇಕಾಗಲಿಲ್ಲ. ಬರಿಗಣ್ಣು, ಅಕ್ಕಪಕ್ಕದ ನಕ್ಷತ್ರಗಳೊಡನೆ ಹೋಲಿಕೆ, ಒಂದು ಗಡಿಯಾರ, ಬರೆದಿಡುವ ಪುಸ್ತಕ, ಜೊತೆಗೆ ನೆರೆಮನೆಯ ಮಿತ್ರ ಎಡ್ವರ್ಡ್ ಪಿಗಟ್ಟನ ಸಹಾಯ, ಇಷ್ಟೇ. ಮರುವರ್ಷ ಮೇ ತಿಂಗಳಲ್ಲಿ ಅವನ ಲೇಖನವು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂದಿತು. ಎರಡು ಮಂಕುಗಳ ನಡುವಣ ಅವಧಿಯು ೨ ದಿನ ೨೦ ಗಂಟೆ ೪೫ ನಿಮಿಷವೆಂದು ಅವನು ಮೊದಲು ಲೆಕ್ಕ ಹಾಕಿದ್ದನು. ಇಂದಿನ ಲೆಕ್ಕ ೨ ದಿನ ೨೦ ಗಂಟೆ ೪೯ ನಿಮಿಷ. ಬರಿಗಣ್ಣಿನವನಿಗೆ ನಾಲ್ಕೇ ನಿಮಿಷದ ತಪ್ಪು! ಆ ವರ್ಷವೇ ಸೊಸೈಟಿಯವರು ಅವನಿಗೆ ತಮ್ಮ ಕಾಪ್ಲಿ ಪದಕವನ್ನಿತ್ತರು. ೧೭೮೬ರ ಏಪ್ರಿಲ್‌ನಲ್ಲಿ ಅವನನ್ನು ಸದಸ್ಯನನ್ನಾಗಿ ಆರಿಸಿದರು. ಅದಾದ ಕೆಲವೇ ದಿನಗಳಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಸಾಗಲು ನಮ್ಮ ಮನಸ್ಸು ಒಪ್ಪದು. ನಾವು ಉಪಾಧ್ಯಾಯರಾಗಿದ್ದ ಮೊದಲ ವರ್ಷಗಳಲ್ಲಿ ಒಬ್ಬ ಹುಡುಗನು ನಮ್ಮ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದನು. ಪ್ರಶ್ನೆ ಕೇಳಿದರೆ ನಮ್ಮ ಮುಖವನ್ನೇ ದಿಟ್ಟಿಸುವನು, ಉತ್ತರ ಹೇಳನು. ಮಂದಮತಿಯೆಂದು ನಾವು ತೀರ್ಮಾನಿಸಿ ಎಷ್ಟೋ ದಿನ ಬೆಂಚಿನ ಮೇಲೆ ನಿಲ್ಲಿಸಿದೆವು. ಅವನು ಬರೆದ ಲೆಕ್ಕಗಳು ಮಾತ್ರ ಸರಿಯಾಗಿರುತ್ತಿದ್ದುವು. ಪಕ್ಕದವನದನ್ನು ನೋಡಿ ಬರೆದನೆಂದು ಅದಕ್ಕೂ ಗದರಿಸಿದೆವು. ವರ್ಷದ ಕೊನೆಯಲ್ಲಿ ಅವನ ತಾಯಿ ಬಂದು, ಮಗುವಿಗೆ ಜ್ವರ ಬಂದು ಕಿವಿ ಹೋಯಿತು ಸ್ವಾಮಿ, ಹೇಳಿಕೊಳ್ಳಲು ನಾಚಿಕೆಯಾಗಿ ಹೇಳಲಿಲ್ಲ, ಎಂದಳು. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಗುಡ್ರಿಕ್ಕನ ವೃತ್ತಾಂತವನ್ನು ಓದಿದ ರಾತ್ರಿ ನಮಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಅದಿರಲಿ. ಅಲ್ಗಾಲ್ ಮಂಕಾಗುವುದೇಕೆ? ಗುಡ್ರಿಕ್ಕನು ಎರಡು ಕಾರಣಗಳನ್ನು ಮುಂದಿಟ್ಟನು. ಒಂದು, ಅಲ್ಗಾಲನ್ನು ಸುತ್ತುತ್ತಿರುವ ದೊಡ್ಡ ಕಾಯವೊಂದು ನಮಗೂ ಅದಕ್ಕೂ ನಡುವೆ ಬಂದು ಮರೆಮಾಡುತ್ತಿರಬಹುದು, ಅಂದರೆ ಗ್ರಹಣ. ಇಲ್ಲವೆ, ನಕ್ಷತ್ರದ ಒಂದು ಮಗ್ಗುಲು ಕಲೆಗಳಿಂದ ಕಪ್ಪಾಗಿದ್ದು, ಅದು ತಿರುಗುವಾಗ ಆ ಮಗ್ಗುಲು ನಮ್ಮ ಕಡೆಗೆ ಬರುತ್ತಿರಬಹುದು. ತರ್ಕವನ್ನು ಓದಿದವರಿಗೆ ಇದು ಪರಿಚಿತವಾದ ಸಂದರ್ಭ. ಮುಸ್ಸಂಜೆಯಲ್ಲಿ ದೂರದಲ್ಲಿ ಕಾಣುವ ಆಕೃತಿಯು ಮೋಟುಮರವೋ ಮನುಷ್ಯನೋ ಎಂಬ ಸಂಶಯವನ್ನು ನಮ್ಮ ನೈಯಾಯಿಕರು ದೃಷ್ಟಾಂತವಾಗಿ ಕೊಡುವರಷ್ಟೆ. ಎತ್ತರವು ಎರಡಕ್ಕೂ ಸಮಾನ. ಆದುದರಿಂದ ಎತ್ತರವನ್ನು ಎಷ್ಟು ಹೊತ್ತು ನೋಡಿದರೂ ಸಂಶಯವು ಹರಿಯದು. ಕೈಯೋ ಕಾಲೋ ಕಂಡರೆ, ಅಂದರೆ ಒಂದಕ್ಕೆ ಮಾತ್ರ ಸಲ್ಲುವ ವಿಶೇಷವು ಕಂಡರೆ, ಆಗ ನಿರ್ಣಯವಾಗುವುದು. ಅಲ್ಗಾಲಿನ ಬೆಳಕಿನ ಏರಿಳಿತವನ್ನು ಎಷ್ಟು ಕಾಲ ನೋಡಿದರೂ ಆ ವಿಶೇಷವು ದೊರೆಯಲಿಲ್ಲ. ನೂರಾರು ವರ್ಷ ಸಂಶಯವು ಸಂಶಯವಾಗಿಯೇ ಉಳಿಯಿತು.

ಆ ವಿಶೇಷವನ್ನು ತೋರಿಸಿಕೊಟ್ಟುದು ವರ್ಣಪಟಲ. ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಅದು ಕೆಂಪಿನಿಂದ ನೇರಿಳೆಯವರೆಗೆ ಬಣ್ಣಬಣ್ಣದ ಪಟ್ಟಿಯಾಗಿ ಹರಡುವುದೆಂಬುದನ್ನು ವಾಚಕರು ಬಲ್ಲರು. ನಕ್ಷತ್ರದ ಬೆಳಕನ್ನು ಹೀಗೆ ಹರಡಿದರೆ ಆ ಪಟ್ಟಿಯಲ್ಲಿ ಅಲ್ಲಲ್ಲಿ ಸಣ್ಣ ಕಪ್ಪು ಗೆರೆಗಳು ಕಾಣುವುವು. ಜಲಜನಕ, ಸೋಡಿಯಂ, ಕಬ್ಬಿಣ ಮುಂತಾದ ಒಂದೊಂದು ವಸ್ತುವಿಗೂ ಅದರದೇ ಆದ ಗೆರೆಗಳು, ಅವುಗಳಿಗೆ ಗೊತ್ತಾದ ಸ್ಥಾನಗಳು. ಆದರೆ ನಕ್ಷತ್ರವು ನಮ್ಮಿಂದ ದೂರ ಸರಿಯುತ್ತಿದ್ದರೆ ಎಲ್ಲ ಗೆರೆಗಳೂ ಒಟ್ಟಿಗೆ ಕೆಂಪಿನ ಕಡೆಗೆ ತುಸು ಜರುಗುವುವು. ಹತ್ತಿರ ಬರುತ್ತಿದ್ದರೆ ನೇರಿಳೆಯ ಕಡೆಗೆ. ರೈಲುಗಾಡಿಯು ಸಿಳ್ಳು ಹಾಕುತ್ತ ಎದುರಿಗೆ ಬರುವಾಗ ಶ್ರುತಿಯು ಏರಿಯೂ, ದಾಟಿಹೋದೊಡನೆ ಇಳಿದೂ ಕೇಳಿಸುವುದು ಇದೇ ನಿಯಮದಿಂದ. ೧೮೪೨ರಲ್ಲಿ ಡಾಪ್ಲರ್ ಎಂಬ ಪಂಡಿತನು ಇದನ್ನು ಹೇಳಿದನು. ಮೂರು ವರ್ಷಗಳ ಬಳಿಕ ಹಾಲೆಂಡಿನಲ್ಲಿ ಬಾಯ್ಸ್ ಬ್ಯಾಲಟ್ ಎಂಬಾತನು ಕಹಳೆಯವರನ್ನು ರೈಲುಗಾಡಿಯ ಮೇಲೆ ಕೂರಿಸಿ ಊದಿಸಿ, ದಾರಿಯ ಬದಿಯಲ್ಲಿ ಸಂಗೀತ ಬಲ್ಲವರನ್ನು ನಿಲ್ಲಿಸಿ ಶ್ರುತಿಯನ್ನು ಪರೀಕ್ಷಿಸಿದನಂತೆ. ನಮ್ಮ ಊರಿನ ವಾಲಗದವರಿಗೆ ಇಂಥ ಸವಾರಿ ಸಿಕ್ಕಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ!

ಈಗ ಅಲ್ಗಾಲಿಗೆ ಮರಳೋಣ. ಕಲೆಗಳೇ ಕಾರಣವಾಗಿದ್ದರೆ ನಕ್ಷತ್ರವು ಇದ್ದಲ್ಲಿಯೇ ಬುಗುರಿಯಂತೆ ತಿರುಗಬೇಕು. ಆದರೆ ಜೊತೆಗಾರನೊಬ್ಬನು ಇದ್ದರೆ, ಇಬ್ಬರೂ ನಡುವಣ ಒಂದು ಬಿಂದುವನ್ನು ಸುತ್ತಬೇಕು. ಹೀಗೆ ಸುತ್ತುವಾಗ ಅಲ್ಗಾಲ್ ಗ್ರಹಣಕ್ಕೆ ಮೊದಲು ನಮ್ಮಿಂದ ಹಿಂದೆ ಸರಿಯುತ್ತಲೂ, ಗ್ರಹಣವಾದ ಮೇಲೆ ನಮ್ಮ ಕಡೆಗೆ ಬರುತ್ತಲೂ ಇರಬೇಕು. ೧೮೮೯ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್ ವೇಧಶಾಲೆಯ ಹೆರ್ಮಾನ್ ಫೋಗೆಲ್ ಎಂಬಾತನು ಅಲ್ಗಾಲಿನ ವರ್ಣಪಟಲದ ಫೋಟೋಗಳಲ್ಲಿ ಗೆರೆಗಳ ಸ್ಥಾನವನ್ನು ಸೂಕ್ಷ್ಮವಾಗಿ ಅಳೆದನು. ಗ್ರಹಣಕ್ಕೆ ಮುಂಚೆ ಗೆರೆಗಳು ಕೆಂಪಿನ ಕಡೆಗೆ, ಅನಂತರ ನೇರಿಳೆಯ ಕಡೆಗೆ! ವೇಗವು ಸೆಕೆಂಡಿಗೆ ಸುಮಾರು ೪೪ ಕಿಲೋಮೀಟರ್ ಎಂದು ಈಗ ಗೊತ್ತಾಗಿದೆ. ಇದರಿಂದ ಗೆರೆಯು ಜರುಗುವುದು ಏಳು ಸಾವಿರದಲ್ಲಿ ಒಂದು ಪಾಲು ಮಾತ್ರ. ಏಳು ಮೀಟರ್ ಬಟ್ಟೆಯಲ್ಲಿ ಒಂದು ಮಿಲಿಮೀಟರಿನ ವ್ಯತ್ಯಾಸವನ್ನು ಹಿಡಿದಂತೆ. ಮನುಷ್ಯನ ಕೈಕಾಲು ಕಂಡಿತು, ಮೋಟುಮರವಲ್ಲವೆಂದು ತೀರ್ಮಾನವಾಯಿತು. ಗುಡ್ರಿಕ್ಕನು ಸತ್ತು ಆಗಲೇ ನೂರಮೂರು ವರ್ಷಗಳಾಗಿದ್ದುವು.

ಇನ್ನು ತೂಕದ ಮಾತು. ಕಾವಡಿ ಹೊರುವವನನ್ನು ನೋಡಿರಿ. ಎರಡು ಕಡೆಯ ಹೊರೆಗಳೂ ಸಮವಾಗಿದ್ದರೆ ಹೆಗಲು ಅಡ್ಡೆಯ ನಡುವೆ ಇರುವುದು. ಒಂದು ಕಡೆ ಭಾರ ಹೆಚ್ಚಾದರೆ ಆ ಹೊರೆಯ ಹತ್ತಿರಕ್ಕೆ ಹೆಗಲನ್ನು ಸರಿಸಿಕೊಳ್ಳುವನು. ಯಮಳ ನಕ್ಷತ್ರಗಳ ನಡುವೆಯೂ ಕಣ್ಣಿಗೆ ಕಾಣದ ಇಂಥ ಒಂದು ಹೆಗಲುಂಟು. ಭಾರವಾದುದು ಅದರ ಸಮೀಪದಲ್ಲಿ ಸಣ್ಣ ವರ್ತುಲದಲ್ಲಿ ನಿಧಾನವಾಗಿಯೂ, ಹಗುರವಾದುದು ದೂರದಲ್ಲಿ ದೊಡ್ಡ ವರ್ತುಲದಲ್ಲಿ ಬೇಗವಾಗಿಯೂ ಸುತ್ತುವುವು. ಆದುದರಿಂದ ಇಬ್ಬರ ವೇಗವೂ ತಿಳಿದರೆ ಯಾರು ಯಾರಿಗಿಂತ ಎಷ್ಟು ಪಾಲು ಭಾರವೆಂಬುದು ತಾನಾಗಿಯೇ ತಿಳಿಯುವುದು. ಆದರೆ ಫೋಗೆಲ್ಲನಿಗೆ ಸಿಕ್ಕಿದುದು ಪ್ರಕಾಶಮಾನವಾದ ಒಂದರ ಗೆರೆಗಳು ಮಾತ್ರ. ಜೊತೆಗಾರನ ಮಬ್ಬು ಬೆಳಕು ಅದರ ಪ್ರಭೆಯಲ್ಲಿ ಮುಳುಗಿಹೋಗಿದ್ದಿತು. ಹಗಲಿನಲ್ಲಿ ಹಚ್ಚಿದ ಹಣತೆಯಂತೆ. ಅದರ ಗೆರೆಗಳನ್ನು ಬೇರ್ಪಡಿಸಿ ಹಿಡಿಯಲು ೧೯೭೮ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಟೆಕ್ಸಸ್ ಸಂಸ್ಥಾನದಲ್ಲಿ ಟಾಮ್‌ಕಿನ್ ಮತ್ತು ಲ್ಯಾಂಬರ್ಟ್ ಎಂಬಿಬ್ಬರು ಜೊತೆಗಾರನ ಸೋಡಿಯಂ ಗೆರೆಗಳನ್ನು ಕಂಡುಹಿಡಿದರು. ಅದರ ವೇಗ ಸೆಕೆಂಡಿಗೆ ಸುಮಾರು ೨೦೦ ಕಿಲೋಮೀಟರ್. ಇದನ್ನು ೪೪ರಿಂದ ಭಾಗಿಸಿರಿ: ಪ್ರಕಾಶಮಾನವಾದುದು ಜೊತೆಗಾರನಿಗಿಂತ ಸುಮಾರು ನಾಲ್ಕೂವರೆ ಪಾಲು ಭಾರವುಳ್ಳದ್ದು.

ಮುಂದಿನ ಲೆಕ್ಕವನ್ನು ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಅವರಿಂದಲೇ ಮಾಡಿಸಬಹುದು. ಎರಡು ವೇಗಗಳನ್ನು ಕೂಡಿಸಿದರೆ ೨೪೪. ಒಂದು ಸುತ್ತಿಗೆ ಹಿಡಿಯುವ ೨ ದಿನ ೨೦ ಗಂಟೆ ೪೯ ನಿಮಿಷಕ್ಕೆ ೨,೪೭,೭೪೦ ಸೆಕೆಂಡುಗಳು. ಗುಣಿಸಿದರೆ ಆರು ಕೋಟಿ ಕಿಲೋಮೀಟರಿಗೆ ತುಸು ಮಿಕ್ಕ ಪರಿಧಿ. ವರ್ತುಲದ ಪರಿಧಿಯಿಂದ ತ್ರಿಜ್ಯವನ್ನು ತೆಗೆಯುವ ಕ್ರಮದಂತೆ ಭಾಗಿಸಿದರೆ ಎರಡರ ನಡುವಣ ದೂರ ಸುಮಾರು ೯೬ ಲಕ್ಷ ಕಿಲೋಮೀಟರ್. ಅವುಗಳ ಮಾರ್ಗವು ನಮ್ಮ ದೃಷ್ಟಿಗೆ ಸ್ವಲ್ಪ ಓರೆಯಾಗಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ೯೭ ಲಕ್ಷ. ಬುಧಗ್ರಹವು ಸೂರ್ಯನಿಂದ ಇರುವ ದೂರದ ಆರನೆಯ ಒಂದು ಪಾಲಿನಲ್ಲಿ ಎರಡು ನಕ್ಷತ್ರಗಳು! ದೂರವೂ ಸುತ್ತುವ ಕಾಲವೂ ತಿಳಿದ ಮೇಲೆ ಕೆಪ್ಲರನ ನಿಯಮದಿಂದ ಎರಡರ ಒಟ್ಟು ಭಾರವು ದೊರೆಯುವುದು: ಸುಮಾರು ನಾಲ್ಕೂವರೆ ಸೂರ್ಯರಷ್ಟು. ಆಮೇಲಿನ ಸೂಕ್ಷ್ಮ ಅಳತೆಗಳಲ್ಲಿ ಇದು ತುಸು ತಗ್ಗಿ, ಪ್ರಕಾಶಮಾನವಾದುದು ಸೂರ್ಯನ ಮೂರು ಮೂರೂವರೆ ಪಾಲು, ಜೊತೆಗಾರನು ಮುಕ್ಕಾಲು ಪಾಲು ಎಂದು ನಿಂತಿದೆ. "ಯಾರು ತೂಗಿದರು" ಎಂಬ ಪ್ರಶ್ನೆಗೆ ಇದೇ ಉತ್ತರ. ಆ ಎರಡೂ ನಕ್ಷತ್ರಗಳೇ ಒಂದನ್ನೊಂದು ತೂಗುತ್ತಿವೆ. ನಾವು ತಕ್ಕಡಿಯ ಮುಳ್ಳನ್ನು ಓದುವವರು ಮಾತ್ರ. ಒಂಟಿಯಾಗಿರುವ ನಕ್ಷತ್ರವನ್ನು ಹೀಗೆ ತೂಗಲಾಗದು. ಅದರ ಭಾರವನ್ನು ಬಹುಮಟ್ಟಿಗೆ ಈ ಜೋಡಿಗಳಿಂದ ಕಲಿತುದನ್ನು ಹೋಲಿಸಿಯೇ ಊಹಿಸತಕ್ಕದ್ದು.

ಓರೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕು. ವಿವಾಹದಲ್ಲಿ ವಧೂವರರಿಗೆ ಅರುಂಧತಿಯನ್ನು ತೋರಿಸುವ ಪದ್ಧತಿಯು ನಮ್ಮ ಮನೆಗಳಲ್ಲಿ ಉಂಟಷ್ಟೆ. ಅವಳ ಪಕ್ಕದಲ್ಲಿರುವ ವಸಿಷ್ಠನನ್ನು ಪಾಶ್ಚಾತ್ಯರು ಮಿಜಾರ್ ಎನ್ನುವರು. ದೂರದರ್ಶಕದಲ್ಲಿ ನೋಡಿದರೆ ವಸಿಷ್ಠನೇ ಎರಡಾಗಿ ಕಾಣುವನು. ಆ ಎರಡರಲ್ಲಿ ಹೆಚ್ಚು ಪ್ರಕಾಶವುಳ್ಳದ್ದರ ವರ್ಣಪಟಲದಲ್ಲಿ ಗೆರೆಗಳು ಒಮ್ಮೆ ಒಂಟಿಯಾಗಿಯೂ ಒಮ್ಮೆ ಇಬ್ಬಗೆಯಾಗಿಯೂ ಕಾಣುವುದರಿಂದ ಅದೂ ಒಂದು ಜೋಡಿಯೇ ಎಂದು ಹಾರ್ವರ್ಡ್ ವೇಧಶಾಲೆಯ ಪಿಕರಿಂಗನು ೧೮೮೯ರಲ್ಲಿ ಪ್ರಕಟಿಸಿದನು. ಇದೇ ರೀತಿಯ ಎರಡನೆಯ ಜೋಡಿಯನ್ನು, ಬ್ರಹ್ಮಹೃದಯದ ನೆರೆಯಲ್ಲಿ, ಅದೇ ವೇಧಶಾಲೆಯ ಆಂಟೋನಿಯಾ ಮೌರಿ ಎಂಬ ಮಹಿಳೆಯು ಆ ವರ್ಷವೇ ಕಂಡುಹಿಡಿದಳು. ಆದರೆ ವಸಿಷ್ಠನಿಗೆ ಗ್ರಹಣವಿಲ್ಲ. ಗ್ರಹಣವಿಲ್ಲದಿದ್ದರೆ ಮಾರ್ಗವು ಎಷ್ಟು ಓರೆಯೆಂದು ವರ್ಣಪಟಲವೊಂದರಿಂದಲೇ ತಿಳಿಯದು. ಓರೆ ತಿಳಿಯದಿದ್ದರೆ ನಿಜವಾದ ವೇಗವೂ ತಿಳಿಯದು, ತೂಕವೂ ತಿಳಿಯದು. ಗ್ರಹಣವಾಗುವ ಜೋಡಿಗಳಲ್ಲಿಯಾದರೋ, ಮಾರ್ಗವು ಬಹುಮಟ್ಟಿಗೆ ನಮ್ಮ ದೃಷ್ಟಿಯ ನೇರದಲ್ಲಿಯೇ ಇರುವುದೆಂದು ಗ್ರಹಣವೇ ಸಾರಿ ಹೇಳುವುದು. ಬೆಳಕಿನ ಏರಿಳಿತವು ಹೇಳಲಾರದುದನ್ನು ಗೆರೆಗಳು ಹೇಳುವುವು. ಗೆರೆಗಳು ಹೇಳಲಾರದುದನ್ನು ಏರಿಳಿತವು ಹೇಳುವುದು. ಸಂಸ್ಕೃತದಲ್ಲಿ ಗ್ರಹಣವೆಂದರೆ ಹಿಡಿಯುವುದು ಮಾತ್ರವಲ್ಲ, ಅರಿತುಕೊಳ್ಳುವುದೂ ಹೌದು. ಆ ಪದಕ್ಕೆ ಇಷ್ಟು ಒಪ್ಪುವ ಸ್ಥಳವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಗಾತ್ರವನ್ನು ತಿಳಿಯುವುದು ಇನ್ನೂ ಸುಲಭ. ಸೆಕೆಂಡಿಗೆ ೨೪೪ ಕಿಲೋಮೀಟರ್ ವೇಗದಲ್ಲಿ ಒಂದು ಮತ್ತೊಂದನ್ನು ದಾಟಿಹೋಗಲು ಹತ್ತಿರಹತ್ತಿರ ೧೦ ಗಂಟೆ ಹಿಡಿಯುವುದಾದರೆ, ದಾಟಿದ ದೂರ ೮೮ ಲಕ್ಷ ಕಿಲೋಮೀಟರ್. ಸ್ಥೂಲವಾಗಿ ಇದು ಎರಡರ ವ್ಯಾಸಗಳ ಮೊತ್ತ. ಬೆಳಕು ಇಳಿಯುವ ರೀತಿಯನ್ನು ಸೂಕ್ಷ್ಮವಾಗಿ ಅಳೆದು ಈ ಮೊತ್ತವನ್ನು ಹಂಚಿದರೆ, ಭಾರವಾದುದರ ವ್ಯಾಸವು ಸೂರ್ಯನ ಎರಡೂಮುಕ್ಕಾಲರಷ್ಟು, ಹಗುರವಾದ ಜೊತೆಗಾರನದು ಮೂರೂವರೆಯಷ್ಟು. ಕಾವನ್ನು ಗೆರೆಗಳೇ ಹೇಳುವುವು. ಯಾವ ಕಾವಿನಲ್ಲಿ ಯಾವ ವಸ್ತುವಿನ ಗೆರೆಯು ದಟ್ಟವಾಗುವುದು, ಯಾವುದು ಮಾಯವಾಗುವುದು ಎಂಬುದರ ಸೂತ್ರವನ್ನು ೧೯೨೦ರಲ್ಲಿ ಲೋಕಕ್ಕೆ ಕೊಟ್ಟವನು ನಮ್ಮ ದೇಶದ ಮೇಘನಾದ ಸಹಾ. ಅದರಂತೆ ಅಲ್ಗಾಲಿನ ದೊಡ್ಡ ಬೆಳಕಿಗೆ ಸುಮಾರು ೧೨,೦೦೦ ಡಿಗ್ರಿಯೂ, ಜೊತೆಗಾರನಿಗೆ ನಾಲ್ಕೂವರೆ ಐದು ಸಾವಿರ ಡಿಗ್ರಿಯೂ ಕಾವುಂಟು. ಜೊತೆಗಾರನು ಮರೆಯಾಗುವಾಗಲೂ ಒಂದು ಸಣ್ಣ ಗ್ರಹಣವಾಗಬೇಕಲ್ಲವೆ? ಆಗುವುದು, ಕಣ್ಣಿಗೆ ತಿಳಿಯದಷ್ಟು ಸಣ್ಣದು. ೧೯೧೦ರಲ್ಲಿ ಅಮೆರಿಕದ ಸ್ಟೆಬಿನ್ಸ್ ಎಂಬಾತನು ಸೆಲೆನಿಯಂ ಎಂಬ ಧಾತುವಿನಿಂದ ಮಾಡಿದ ಬೆಳಕಿನ ಮಾಪಕದಿಂದ ಅದನ್ನು ಹಿಡಿದನು. ಇವೆರಡಲ್ಲದೆ ಇನ್ನೂ ದೂರದಲ್ಲಿ ೬೮೦ ದಿನಗಳಿಗೊಮ್ಮೆ ಸುತ್ತುವ ಮೂರನೆಯದೊಂದು ಇದೆ. ಅದರ ಗೊಡವೆ ನಮಗೆ ಬೇಡ.

ಜಾಗರೂಕರಾದ ವಾಚಕರು ಇಲ್ಲಿ ಒಂದು ವಿರೋಧವನ್ನು ಗಮನಿಸಿರಬಹುದು. ಹಗುರವಾದುದು ಹೆಚ್ಚು ಉಬ್ಬಿದೆ. ನಕ್ಷತ್ರಗಳು ಉಬ್ಬುವುದು ಮುಪ್ಪಿನಲ್ಲಿ. ಒಡಲಿನ ಇಂಧನವು ತೀರುತ್ತ ಬಂದಾಗ. ಭಾರವಾದುದೇ ತನ್ನ ಇಂಧನವನ್ನು ದುಂದುಮಾಡಿ ಬೇಗ ಮುಪ್ಪಾಗತಕ್ಕದ್ದು. ಜೊತೆಯಲ್ಲಿಯೇ ಹುಟ್ಟಿದ ಇಬ್ಬರಲ್ಲಿ ಹಗುರವಾದವನು ಮೊದಲು ಮುದುಕನಾದುದು ಹೇಗೆ? ಇದು ವಿದ್ವಾಂಸರನ್ನು ಬಹಳ ಕಾಡಿತು. ೧೯೫೫ರಲ್ಲಿ ಕ್ರಾಫರ್ಡ್ ಎಂಬಾತನು ಸಮಾಧಾನವನ್ನು ಸೂಚಿಸಿದನು: ಈಗ ಹಗುರವಾಗಿರುವವನೇ ಮೊದಲು ಭಾರವಾಗಿದ್ದವನು. ಅವನು ಉಬ್ಬಿದಾಗ ಅವನ ಹೊರಮೈಯ ದ್ರವ್ಯವು ಜೊತೆಗಾರನ ಸೆಳೆತಕ್ಕೆ ಸಿಕ್ಕಿ ಹರಿದುಹೋಯಿತು. ಈಗಲೂ ಸ್ವಲ್ಪಸ್ವಲ್ಪವಾಗಿ ಹರಿಯುತ್ತಿದೆ. ಆಸ್ತಿಯನ್ನೆಲ್ಲ ತಮ್ಮನಿಗೆ ಬರೆದುಕೊಟ್ಟು ಮುಪ್ಪಿನಲ್ಲಿ ಅವನ ಮನೆಯ ಜಗಲಿಯಲ್ಲಿ ಕುಳಿತ ಅಣ್ಣನನ್ನು ಯಾವ ಊರಿನಲ್ಲಿ ನೋಡಿಲ್ಲ? ತೂಕ ಮಾಡಿರದಿದ್ದರೆ ಈ ಸಂಸಾರದ ಕಥೆಯು ಹೊರಬೀಳುತ್ತಲೇ ಇರಲಿಲ್ಲ.

ಇಂಥ ಜೋಡಿಗಳಿಂದ ದೂರವನ್ನೂ ಅಳೆಯುವರು. ಗಾತ್ರವೂ ಕಾವೂ ತಿಳಿದರೆ ದೀಪದ ನಿಜವಾದ ಪ್ರಕಾಶವೆಷ್ಟೆಂದು ತಿಳಿದಂತಾಯಿತು. ಇಲ್ಲಿಗೆ ಎಷ್ಟು ಮಂಕಾಗಿ ಕಾಣುವುದೆಂಬುದರಿಂದ ದೂರವು ಹೊರಡುವುದು. ದಕ್ಷಿಣಾಕಾಶದಲ್ಲಿರುವ ದೊಡ್ಡ ಮೆಗಲನ್ ಮೇಘವೆಂಬ ನಕ್ಷತ್ರಸಮೂಹದ ದೂರವನ್ನು ಅದರೊಳಗಿನ ಇಂಥ ೨೦ ಜೋಡಿಗಳಿಂದ ಅಳೆದು, ಸುಮಾರು ೧,೬೨,೦೦೦ ಜ್ಯೋತಿರ್ವರ್ಷಗಳೆಂದು ೨೦೧೯ರಲ್ಲಿ ಪ್ರಕಟಿಸಿರುವರು. ನೂರಕ್ಕೆ ಒಂದು ಪಾಲಿನಷ್ಟೇ ಅನುಮಾನ. ವಿಶ್ವದ ಇನ್ನೂ ದೊಡ್ಡ ದೂರಗಳನ್ನು ಅಳೆಯುವ ಗಜಕಡ್ಡಿಗೆ ಇದೇ ಈಗ ಒಂದು ಗುರುತು.

ಅಲ್ಗಾಲನ್ನು ನೋಡಬೇಕೆಂಬವರು ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿಯಲ್ಲಿ ಉತ್ತರಕ್ಕೆ ಮುಖಮಾಡಿ ನಿಲ್ಲತಕ್ಕದ್ದು. ಕೃತ್ತಿಕೆಯಿಂದ, ಇಂಗ್ಲಿಷಿನ ಎಮ್ ಅಕ್ಷರದಂತಿರುವ ಕ್ಯಾಸಿಯೋಪಿಯಾ ಪುಂಜದ ಕಡೆಗೆ ಕಣ್ಣು ಹಾಯಿಸಿದರೆ, ಅರ್ಧದಾರಿಗೆ ಸ್ವಲ್ಪ ಮೊದಲೇ ಸಿಕ್ಕುವ ಪ್ರಕಾಶವುಳ್ಳ ನಕ್ಷತ್ರವೇ ಅದು. ಅದರ ಪಶ್ಚಿಮಕ್ಕೆ ಆಲ್ಮಾಕ್ ಎಂಬ ನಕ್ಷತ್ರವಿದೆ. ಎಂದಿನ ದಿನಗಳಲ್ಲಿ ಎರಡೂ ಸಮಾನ. ಆಲ್ಮಾಕಿಗಿಂತ ಅಲ್ಗಾಲ್ ಸ್ಪಷ್ಟವಾಗಿ ಮಂಕಾಗಿ ಕಂಡರೆ ಗ್ರಹಣವು ನಡೆಯುತ್ತಿದೆಯೆಂದು ತಿಳಿಯಿರಿ. ನಮ್ಮ ಪಂಚಾಂಗದವರು ಈ ಗ್ರಹಣವನ್ನು ಬರೆಯುವುದಿಲ್ಲ. ಇದಕ್ಕೆ ಸ್ನಾನವೂ ಇಲ್ಲ, ಉಪವಾಸವೂ ಇಲ್ಲ. ನಾವು ಮೊಮ್ಮಗಳೊಡನೆ ಹನ್ನೊಂದು ರಾತ್ರಿ ಕಾದು ಒಮ್ಮೆ ಮಾತ್ರ ಕಂಡೆವು. ಹೊದಿಕೆಯನ್ನು ಹೊದ್ದು ಕುಳಿತಿದ್ದ ಅವಳೇ ಮೊದಲು ಕಂಡವಳು. ನಮ್ಮ ಕನ್ನಡಕಕ್ಕೆ ಅದು ತಿಳಿಯಲು ಇನ್ನೂ ಅರ್ಧ ಗಂಟೆ ಬೇಕಾಯಿತು. ಅಂದು ನಮ್ಮ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟುದು ಸುಮಾರು ತೊಂಬತ್ತು ವರ್ಷಗಳ ಹಿಂದೆ, ನಾವು ಹುಟ್ಟುವುದಕ್ಕೆ ಮೂವತ್ತು ವರ್ಷ ಮುಂಚೆ. ಅತ್ಯಂತ ಮಂಕಾದ ಹೊತ್ತನ್ನು ಅವಳು ತನ್ನ ಪುಸ್ತಕದಲ್ಲಿ ಬರೆದುಕೊಂಡಳು: ಮಧ್ಯರಾತ್ರಿ ೧೨ ಗಂಟೆ. ಆ ಲೆಕ್ಕದಂತೆ ಮೂರನೆಯ ದಿನ ಅದೇ ಗ್ರಹಣವು ೩ ಗಂಟೆ ೧೧ ನಿಮಿಷ ಮುಂಚಿತವಾಗಿ, ಅಂದರೆ ರಾತ್ರಿ ೮ ಗಂಟೆ ೪೯ ನಿಮಿಷಕ್ಕೆ, ಬರತಕ್ಕದ್ದು. ಮೂರನೆಯ ದಿನ ಊಟವನ್ನು ಏಳೂವರೆಗೇ ಮುಗಿಸಿ ಮಹಡಿಗೆ ಹತ್ತಿದೆವು. ಅದು ಆಗಲೇ ಮಂಕಾಗತೊಡಗಿದ್ದಿತು.